ಅಟ್ಟದ ಮಂದಿ

ಪ್ರುನೆಷ್ಟಿ ಊರಿನ ಬ್ಯಾಪ್ಟಿಸ್ಟ್ ಪ್ರಾರ್ಥನಾ ಮನೆಯಲ್ಲಿ ಬಟ್ಟಲು ಎರಡು. ಒಂದು ಬೆಳ್ಳಿಯದು. ಅದು ಕೆಳಗಿನ ಬೆಂಚುಗಳಲ್ಲಿ ಕೂರುವ ಊರಿನವರಿಗೆ. ಇನ್ನೊಂದು ತಗಡಿನದು, ಅಂಚಿನ ನೀಲಿ ಬಣ್ಣ ಕಿತ್ತುಹೋಗಿದೆ. ಅದು ಅಟ್ಟದ ಮೇಲೆ ಕೂರುವ ಕೇರಿಯವರಿಗೆ. ಬೆಳ್ಳಿಯದು ಗಾಜಿನ ಕಪಾಟಿನಲ್ಲಿರುತ್ತದೆ. ತಗಡಿನದು ಪೊರಕೆ, ಬಕೆಟ್ಟು, ನೆಲ ಒರೆಸುವ ಬಟ್ಟೆ ಇಡುವ ಗೂಡಿನಲ್ಲಿರುತ್ತದೆ. ಪ್ರಭುವಿನ ಭೋಜನದ ದಿನ ಎರಡಕ್ಕೂ ದ್ರಾಕ್ಷಾರಸ ಸುರಿಯುವುದು ಒಂದೇ ಸೀಸೆಯಿಂದ. ಯಾಕೆ ಎರಡು ಬಟ್ಟಲು ಎಂದು ಯಾರಾದರೂ ಕೇಳಿದರೆ, ಕ್ರಿಸ್ತನ ರಕ್ತ ಒಂದೇ ಅಲ್ಲವೇ ಎಂದು ಉತ್ತರ ಹೇಳಲು ಊರಿನವರು ತಯಾರಿದ್ದಾರೆ. ಯಾರೂ ಕೇಳುವುದಿಲ್ಲ.

ಎರಡು ಬಟ್ಟಲನ್ನೂ ತೊಳೆಯುವವಳು ಒಬ್ಬಳೇ. ಅವಳು ಜಾಂಫಿರಾ.

ಜಾಂಫಿರಾ ಕೇರಿಯವಳು. ಕೇರಿಯೆಂದರೆ ಊರು ಮುಗಿದು, ಡಾಂಬರು ಮುಗಿದು, ಇಟ್ಟಿಗೆ ಹೊಂಡ ಶುರುವಾಗುವ ಜಾಗ. ಅಲ್ಲಿರುವವರು ಜಿಪ್ಸಿಗಳೆಂದು ಕರೆಸಿಕೊಳ್ಳುವ ರೋಮಾ ಜನ. ವಾರದ ದಿನಗಳಲ್ಲಿ ಊರಿನವರ ಬಾಯಲ್ಲಿ ಅವರು, ಬೈಗುಳದಂತೆ, ಬರೀ ತ್ಸಿಗಾನ್‌ಗಳು. ಭಾನುವಾರ ಮಾತ್ರ ಕೇರಿಯ ಸಹೋದರರು. ಬೇಸಿಗೆಯಿಡೀ ಜಾಂಫಿರಾ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಂಡದಲ್ಲಿ ಮಣ್ಣು ತುಳಿಯುತ್ತಾಳೆ. ಹುಲ್ಲಿನ ಚೂರು ಬೆರೆಸುತ್ತಾಳೆ. ಅಚ್ಚಿಗೆ ತುಂಬುತ್ತಾಳೆ. ಬಗ್ಗಿ ಮಗುಚುತ್ತಾಳೆ. ಒಣಗಿದ್ದನ್ನು ಎತ್ತಿ ಗೋಡೆಯಂತೆ ಜೋಡಿಸುತ್ತಾಳೆ. ಅವಳ ಅಂಗಾಲಿನ ಬಿರುಕುಗಳಲ್ಲಿ ಸೇರಿದ ಮಣ್ಣು ಯಾವ ಸೋಪಿಗೂ ಬಿಡುವುದಿಲ್ಲ. ಚಳಿಗಾಲದಲ್ಲಿ ಇಟ್ಟಿಗೆ ಕೆಲಸವಿಲ್ಲ. ಆಗ ಪೂರ್ತಿ ದೇವರ ಕೆಲಸ. ಸೌದೆ ಒಡೆಯುವುದು, ಒಳಗೆ ಬೆಚ್ಚಗಿಡುವ ಒಲೆ ಹಚ್ಚುವುದು, ಪ್ರಾರ್ಥನಾ ಮನೆಯ ಸಿಮೆಂಟು ನೆಲವನ್ನು ಮಂಡಿಯೂರಿ ಉಜ್ಜುವುದು. ಇದಕ್ಕೆ ಸಂಬಳವಿಲ್ಲ. ಸೇವೆಗೆ ಸಂಬಳ ಕೇಳಿದರೆ ಅದು ಸೇವೆ ಹೇಗಾಗುತ್ತದೆ ಎಂದು ಸಭೆಯ ಆಡಳಿತ ನೋಡಿಕೊಳ್ಳುವ ಸಭಾಸೇವಕ ಗ್ಲಿಗೋರ್ ಒಮ್ಮೆ ಕೇಳಿದ್ದ. ಅವನು ಊರಿನ ಏಕೈಕ ಎಣ್ಣೆ ಗಾಣದ ಮಾಲೀಕ. ಎಣ್ಣೆಗೆ ಬೆಲೆ ಕೇಳುವಾಗ ಅವನಿಗೆ ಈ ಮಾತು ನೆನಪಾದದ್ದನ್ನು ಯಾರೂ ಕಂಡಿಲ್ಲ.

ಪಾಸ್ಟರು ನಿಂತು ಬೋಧಿಸುವ ಪ್ರಸಂಗ ಪೀಠದ ಕೆಳಗಿನ ಹಲಗೆ ತೆಗೆದರೆ ದೀಕ್ಷಾಸ್ನಾನದ ತೊಟ್ಟಿ ಕಾಣುತ್ತದೆ. ಊರಿನ ಮಕ್ಕಳಿಗೆ ದೀಕ್ಷಾಸ್ನಾನವಿದ್ದ ದಿನ ಜಾಂಫಿರಾ ಅಂಗಳದಲ್ಲಿ, ಹಂದಿ ಕೊಯ್ಯುವಾಗ ಬಳಸುವ ಹಂಡೆಯನ್ನೇ ಇಟ್ಟು ನೀರು ಕಾಯಿಸುತ್ತಾಳೆ. ಬಕೆಟ್ಟು ಬಕೆಟ್ಟಾಗಿ ಹೊತ್ತು ತೊಟ್ಟಿ ತುಂಬಿಸುತ್ತಾಳೆ. ಬಿಸಿ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಊರಿನವರು ಬಿಳಿ ನಿಲುವಂಗಿ ತೊಟ್ಟು ಇಳಿಯುತ್ತಾರೆ, ಮುಳುಗುತ್ತಾರೆ, ಕೆನ್ನೆ ಕೆಂಪಗೆ ಮಾಡಿಕೊಂಡು ಏಳುತ್ತಾರೆ. ಕೇರಿಯವರಿಗೆ ದೀಕ್ಷಾಸ್ನಾನ ಹೊಳೆಯಲ್ಲಿ. ಜಾಂಫಿರಾಳಿಗೂ ಹೊಳೆಯಲ್ಲೇ ಆಗಿತ್ತು, ಹಿಮ ಕರಗಿ ಬರುವ ಕಾಲದಲ್ಲಿ. ಆಮೇಲೆ ಅವಳು ಜ್ವರದಲ್ಲಿ ಮಲಗಿದ್ದಳು.

"ನಮ್ಮ ಪ್ರಭು ಮುಳುಗಿದ ಯೊರ್ದನ್ ಹೊಳೇಲೂ ಯಾರೂ ನೀರು ಕಾಯಿಸಿರಲಿಲ್ಲ," ಎಂದು ಗ್ಲಿಗೋರ್ ಸಮಾಧಾನ ಹೇಳಿದ್ದ.

ಈ ಸಭೆಗೆ ದೊಡ್ಡ ಚರಿತ್ರೆಯಿದೆ. ಪೀಠದ ಬಲಗೋಡೆಯ ಮೇಲೆ ಪಾಸ್ಟರುಗಳ ಫೋಟೋಗಳಿವೆ. ಮೊದಲನೆಯವರು ಬಡಗಿ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕು, ಸೆರೆಯಲ್ಲಿ ಬೈಬಲ್ ಓದಿ, ಊರಿಗೆ ಬಂದು ಸಭೆ ಶುರು ಮಾಡಿದವರು. ಎರಡನೆಯವರು ಮುಂದಿನ ಯುದ್ಧದ ಕಾಲದಲ್ಲಿ ಸರ್ಕಾರ ಬ್ಯಾಪ್ಟಿಸ್ಟರನ್ನು ನಿಷೇಧಿಸಿದಾಗ ಜೈಲಿಗೆ ಹೋಗಿ ಅಲ್ಲೇ ಸತ್ತವರು. ಮೂರನೆಯವರು ಬಂದದ್ದು ಯುದ್ಧ ಮುಗಿದ ಮೇಲೆ. ನಾಲ್ಕನೆಯವರು ಈಗಿನ ತೆಯೊಫಿಲ್ ಪಾಸ್ಟರು. ಎರಡನೆಯವರಿಗೂ ಮೂರನೆಯವರಿಗೂ ನಡುವೆ ಸಭೆ ನಡೆಸಿದ್ದು ಯಾರು? ಗೋಡೆ ಹೇಳುವುದಿಲ್ಲ, ಆದರೆ ಊರಿಗೆಲ್ಲ ಗೊತ್ತು. ಅವನು ಜಾಂಫಿರಾಳ ಅಜ್ಜ ಯೋಷ್ಕಾ. ಅವನ ಫೋಟೋ ಯಾಕಿಲ್ಲವೆಂದರೆ ಅವನ ಫೋಟೋ ಯಾರೂ ತೆಗೆದಿರಲಿಲ್ಲ ಅನ್ನುತ್ತಾರೆ. ಅದೂ ಸುಳ್ಳು. ಪೊಲೀಸರು ತೆಗೆದಿದ್ದರು.

ಹಾಗಿರುವಾಗ ತೆಯೊಫಿಲ್ ಪಾಸ್ಟರಿಗೆ ವಯಸ್ಸಾಯಿತು. ನಿವೃತ್ತಿ ಹೇಳಿದರು. ಐದನೆಯವರನ್ನು ಆರಿಸಬೇಕಾಯಿತು.

ಬ್ಯಾಪ್ಟಿಸ್ಟರಿಗೆ ಬಿಷಪ್ಪರಿಲ್ಲ. ಮೇಲಿನಿಂದ ಯಾರೂ ಪಾಸ್ಟರನ್ನು ಕಳಿಸುವುದಿಲ್ಲ. ನೀರಲ್ಲಿ ಮುಳುಗಿ ಎದ್ದ ಪ್ರತಿಯೊಬ್ಬನಿಗೂ ಒಂದು ಕೈ, ಕೈ ಎತ್ತಿ ಆರಿಸುವುದು. ಇದು ನಮ್ಮ ಹೆಮ್ಮೆ ಎಂದು ಊರಿನವರು ಬಿಷಪ್ಪರಿರುವ ಆರ್ಥಡಾಕ್ಸ್ ಪಂಗಡದ ನೆಂಟರ ಮುಂದೆ ಮೀಸೆ ತಿರುವುತ್ತಿದ್ದರು. ಆದರೆ ಈಚೆಗೆ ಊರಿನ ಪ್ರಾಯದವರೆಲ್ಲ ಸ್ಪೇನು, ಇಟಲಿ ಎಂದು ದುಡಿಯಲು ಹೋಗಿ ಕೆಳಗಿನ ಬೆಂಚುಗಳು ಬೋಳಾಗಿದ್ದವು. ಅಟ್ಟದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಗ್ಲಿಗೋರ್ ಒಂದು ಭಾನುವಾರ ಕೆಳಗೆ ನೋಡಿದ, ಮೇಲೆ ನೋಡಿದ. ಎರಡೂ ಕಡೆಯ ಕೈಗಳನ್ನು ಮನಸ್ಸಿನಲ್ಲೇ ಎಣಿಸಿದ.

ಅವನು ಪಟ್ಟಣದಿಂದ ಒಬ್ಬ ಯುವ ಪಾಸ್ಟರನ್ನು ಹುಡುಕಿ ತಂದ. ಹೆಸರು ನತನಾಯೆಲ್. ಒಳ್ಳೆಯ ಕಂಠ, ಒಳ್ಳೆಯ ಸೂಟು. ಬರುತ್ತೇನೆ, ಆದರೆ ಮೊದಲು ಮನೆ ಅಚ್ಚುಕಟ್ಟಾಗಬೇಕು ಎಂದು ಅವನು ಷರತ್ತು ಹಾಕಿದ್ದ. ಅಚ್ಚುಕಟ್ಟು ಎಂದರೇನು ಎಂದು ಗ್ಲಿಗೋರ್ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಜಾಂಫಿರಾ ನೆಲ ಉಜ್ಜುತ್ತಿದ್ದಾಗ ಇಬ್ಬರೂ ಬೂಟುಗಾಲಲ್ಲಿ ಒಳಗೆ ಬಂದರು.

"ಸಮಾಧಾನ," ಎಂದ ಗ್ಲಿಗೋರ್. ಅದು ಬ್ಯಾಪ್ಟಿಸ್ಟರ ನಮಸ್ಕಾರ. ಊರಿನವರಿಗಾದರೆ ಕೈ ಕುಲುಕುತ್ತಾರೆ. "ಜಾಂಫಿರಾ, ನಿಮ್ಮವರಿಗೆಲ್ಲ ಒಂದು ಒಳ್ಳೆ ಸುದ್ದಿ ಇದೆ."

"ಒಳ್ಳೆ ಸುದ್ದಿ ಆದ್ರೆ ಒದ್ದೆ ನೆಲ ಬಿಟ್ಟು ಆ ಕಡೆ ನಿಂತು ಹೇಳಿ, ಗ್ಲಿಗೋರಣ್ಣ."

ಅವನು ಸರಿಯಲಿಲ್ಲ. "ನಿಮಗೇ ಅಂತ ಒಂದು ಬೇರೆ ಸಭೆ ಮಾಡಿಕೊಡ್ತಾ ಇದೀವಿ. ನಿಮ್ಮದೇ ಜಾಗ, ನಿಮ್ಮದೇ ಹಾಡು. ಯಾರ ಕಾಟಾನೂ ಇಲ್ಲ."

"ಎಲ್ಲಿ?"

"ಹಳೇ ಸಹಕಾರಿ ಫಾರಮ್ಮಿನ ದನದ ಕೊಟ್ಟಿಗೆ ಇದೆಯಲ್ಲ, ಕೇರಿ ಪಕ್ಕದಲ್ಲೇ."

"ಅದಕ್ಕೆ ಸೂರಿಲ್ಲ."

"ಹಾಕ್ಕೋತೀರ. ಕೈಕೆಲಸ ನಿಮಗೆ ಬರದೇ ಇರೋದಾ?"

ನತನಾಯೆಲ್ ಮುಂದೆ ಬಂದ. ಮೆಲುದನಿಯಲ್ಲಿ ಹೇಳಿದ: "ತಂಗಿ, ನನಗೆ ಯಾರ ಮೇಲೂ ದ್ವೇಷ ಇಲ್ಲ. ಪ್ರತಿಯೊಬ್ಬರೂ ತಮ್ಮವರ ಮಧ್ಯೆ ಇದ್ರೆ ಚೆನ್ನಾಗಿ ಬೆಳೀತಾರೆ. ನಮ್ಮ ಪ್ರಭು ಹುಟ್ಟಿದ್ದೂ ಕೊಟ್ಟಿಗೇಲೇ ತಾನೆ?"

"ಹುಟ್ಟಿದ್ದು ಹೌದು ಪಾಸ್ಟರಯ್ಯ," ಎಂದಳು ಜಾಂಫಿರಾ, ಬಟ್ಟೆ ಹಿಂಡುತ್ತಾ. "ಅಲ್ಲೇ ಬಿದ್ದಿರು ಅಂತ ಅವನಿಗೆ ಯಾರೂ ಹೇಳ್ಲಿಲ್ಲ."

ನತನಾಯೆಲ್ ಮುಗುಳ್ನಕ್ಕ. ಅವನಿಗೆ ನಗುವುದನ್ನು ಪಾಸ್ಟರುಗಳ ಸೆಮಿನರಿಯಲ್ಲಿ ಕಲಿಸಿದ್ದರು.

"ನಾವು ಒಪ್ಪದಿದ್ರೆ?"

"ನಾಳೆ ಸಭೆ ಕೂಡುತ್ತೆ. ಕೈ ಎತ್ತಿ ತೀರ್ಮಾನ," ಎಂದ ಗ್ಲಿಗೋರ್.

"ಕೈ ಎತ್ತೋದಾದ್ರೆ ನಾವೇ ಜಾಸ್ತಿ ಇದೀವಿ."

"ಅಲ್ಲೇ ನೀನು ತಪ್ಪು ತಿಳ್ಕೊಂಡಿರೋದು. ವಿಷಯ ನಿಮ್ಮದೇ ಆಗಿರೋದ್ರಿಂದ ನೀವು ಕೈ ಎತ್ತೋ ಹಾಗಿಲ್ಲ. ತನ್ನ ನ್ಯಾಯ ತಾನೇ ಹೇಳ್ಕೊಳ್ಳೋಕಾಗುತ್ತಾ?"

"ನಿಮ್ಮ ವಿಷಯಾನೂ ಅಲ್ವಾ ಅದು?"

"ನಾವೆಲ್ಲೂ ಹೋಗ್ತಾ ಇಲ್ವಲ್ಲ."

ಜಾಂಫಿರಾ ಬಕೆಟ್ಟಿನ ಕೊಳೆನೀರನ್ನೇ ನೋಡಿದಳು. ಅದರಲ್ಲಿ ಬಟ್ಟೆ ಅದ್ದಿ ಹಿಂಡಿದಳು.

"ಎದ್ದು ಒಂದು ಮಾತಾಡಬಹುದಾ?"

"ಅಟ್ಟದಿಂದ ಮಾತಾಡೋ ಪದ್ಧತಿ ಇಲ್ಲ."

"ಪ್ರಾರ್ಥನೆ?"

ಗ್ಲಿಗೋರ್ ಗಟ್ಟಿಯಾಗಿ ನಕ್ಕ. "ಪ್ರಾರ್ಥನೆ ಯಾರು ಬೇಕಾದ್ರೂ ಮಾಡಬಹುದು ಕಣೆ. ಅದಕ್ಕೆ ಅಡ್ಡ ಬರೋಕೆ ನಾನ್ಯಾರು?"

ಇಬ್ಬರೂ ಹೋದರು. ಬೂಟಿನ ಕೆಸರು ಬಾಗಿಲಿನಿಂದ ಪೀಠದವರೆಗೂ ಇತ್ತು. ಜಾಂಫಿರಾ ಮತ್ತೆ ಮಂಡಿಯೂರಿ ಮೊದಲಿನಿಂದ ಉಜ್ಜಿದಳು.

ಕೆಲಸ ಮುಗಿಸಿ ಅವಳು ತೆಯೊಫಿಲ್ ಪಾಸ್ಟರ ಮನೆಗೆ ಹೋದಳು. ಅವರು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬುತ್ತಿದ್ದರು. ಇನ್ನು ಮಗಳ ಮನೆಯಲ್ಲಿ ವಾಸ.

"ಪಾಸ್ಟರಯ್ಯ, ನಾಳೆ ನೀವೊಂದು ಮಾತು ಹೇಳಿದ್ರೆ ಸಾಕು."

"ನಾನು ಹೋಗೋನು, ಜಾಂಫಿರಾ. ಹೋಗೋನ ಮಾತು ಯಾರು ಕೇಳ್ತಾರೆ?"

"ಇದ್ದಾಗ ಹೇಳಿದ್ರೆ ಕೇಳ್ತಿದ್ರು."

ಪಾಸ್ಟರು ಪೆಟ್ಟಿಗೆಯೊಳಗೆ ತಲೆ ಹಾಕಿದರು. ಆಮೇಲೆ ಒಳಗಿನಿಂದ ಪ್ಲಮ್ ಹಣ್ಣಿನ ಜಾಮ್ ಬಾಟಲಿಯೊಂದನ್ನು ತಂದು ಅವಳ ಕೈಗಿಟ್ಟರು. ಅವರು ಕೆಟ್ಟವರಲ್ಲ. ಕೇರಿಯ ಎಲ್ಲ ಹೆಣಗಳ ಮುಂದೆಯೂ ಒಳ್ಳೆಯ ಮಾತಾಡಿದವರು. ಬದುಕಿರುವವರ ಪರವಾಗಿ ಮಾತಾಡಲು ಮಾತ್ರ ಅವರ ಬಾಯಿ ಏಳುತ್ತಿರಲಿಲ್ಲ. ಜಾಂಫಿರಾ ಬಾಟಲಿಯನ್ನು ಕಿಟಕಿಯ ಮೇಲಿಟ್ಟು ಹೊರಟಳು.

ಕೇರಿಯಲ್ಲಿ ಸುದ್ದಿ ಆಗಲೇ ಮುಟ್ಟಿತ್ತು. ಅವಳ ಚಿಕ್ಕಪ್ಪನ ಮಗ ರೂಪಿ ಬಾಗಿಲಲ್ಲಿ ಕುದಿಯುತ್ತಾ ನಿಂತಿದ್ದ. ಪ್ರಾರ್ಥನಾ ಮನೆಯ ತುತ್ತೂರಿ ಮೇಳಕ್ಕೆ ಅವನೇ ಮುಖಂಡ. ಮೇಳದವರೆಲ್ಲ ಕೇರಿಯವರೇ. ಊರಿನವರಿಗೆ ಅವರ ತುತ್ತೂರಿ ಬೇಕು, ತುತ್ತೂರಿ ಊದಿದ ಬಾಯಿ ಬೇಡ.

"ನಾಳೆ ಹೋಗಿ ನಾಲ್ಕು ಬಾರಿಸಿ ಬರೋಣ ಅಕ್ಕ. ಇನ್ನೇನು ಉಳಿದಿದೆ?"

"ನಾಲ್ಕು ಬಾರಿಸಿದ್ರೆ ಪೊಲೀಸರು ಬರ್ತಾರೆ. ಗ್ಲಿಗೋರಣ್ಣಂಗೆ ಬೇಕಾಗಿರೋದೂ ಅದೇ. ನೋಡಿದ್ರಾ, ಇವರು ಹೀಗೇ ಅಂತ ಹೇಳೋಕೆ."

"ಮತ್ತೆ ಬಾಯಿ ಮುಚ್ಚಿಕೊಂಡು ಕೊಟ್ಟಿಗೆಗೆ ಹೋಗೋಣ್ವಾ?"

"ನೀನು ಒಂದೇ ಒಂದು ಕೆಲಸ ಮಾಡು. ನಾಳೆ ಗ್ಲಿಗೋರಣ್ಣ 'ಹಾಡು' ಅಂದ್ರೆ ಊದಬೇಡ. ಮೇಳದವರಿಗೂ ಹೇಳು."

"ಊದದೇ ಇದ್ರೆ?"

"ಊದಬೇಡ ಅಂದೆ."

ಇಲ್ಲಿ ಪ್ರುನೆಷ್ಟಿಯ ಒಂದು ಕಟ್ಟಳೆಯನ್ನು ಹೇಳಲೇಬೇಕು. ಪ್ರಾರ್ಥನೆಗೆ ಎಲ್ಲರೂ ಮಂಡಿಯೂರಬೇಕು, ಬರಿಯ ಸಿಮೆಂಟಿನ ಮೇಲೆ. ಒಬ್ಬರು ಪ್ರಾರ್ಥನೆ ಮಾಡುತ್ತಿರುವಾಗ ಇನ್ನೊಬ್ಬರು ಏಳುವಂತಿಲ್ಲ. ಪ್ರಾರ್ಥಿಸುವವರೇ ಆಮೆನ್ ಎನ್ನಬೇಕು, ಆಮೇಲೆ ಉಳಿದವರು ಏಳಬೇಕು. ಯಾರಾದರೂ ಅತಿಯಾಗಿ ಎಳೆದರೆ ಹಾಡು ಎತ್ತಿ ಮುಗಿಸುವ ಒಂದು ದಾರಿಯಿದೆ. ಹಾಡು ಎತ್ತಬೇಕಾದರೆ ತುತ್ತೂರಿ ಬೇಕು. ಈ ಕಟ್ಟಳೆಗೂ ಒಂದು ಚರಿತ್ರೆಯಿದೆ. ನಿಷೇಧದ ಕಾಲದಲ್ಲಿ ಪೊಲೀಸರು ಬಂದೂಕು ಹಿಡಿದು ಪ್ರಾರ್ಥನೆಯ ನಡುವೆ ನುಗ್ಗಿದರಂತೆ. ಆಮೆನ್ ಆಗುವವರೆಗೆ ಒಬ್ಬನೇ ಒಬ್ಬ ಮಂಡಿಯಿಂದ ಏಳಲಿಲ್ಲವಂತೆ. ಈ ಕಥೆ ಹೇಳದ ಪಾಸ್ಟರಿಲ್ಲ. ಪ್ರತಿ ವರ್ಷ ಸಭೆಯ ಹುಟ್ಟುಹಬ್ಬದ ದಿನ ಈ ಕಥೆಯಿಂದಲೇ ಶುರು. ಆ ದಿನ ಪ್ರಾರ್ಥನೆ ಮಾಡುತ್ತಿದ್ದವನು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಭಾನುವಾರ ಬಂತು. ನತನಾಯೆಲ್ ಪ್ರಸಂಗ ಮಾಡಿದ. ಇಸ್ರಾಯೇಲಿನ ಕುಲಗಳಿಗೆ ದೇವರು ಬೇರೆ ಬೇರೆ ಸೀಮೆ ಹಂಚಿಕೊಟ್ಟದ್ದು, ಪ್ರತಿ ಕುಲವೂ ತನ್ನ ಸೀಮೆಯಲ್ಲಿ ಸಂತೋಷವಾಗಿದ್ದದ್ದು. ಕಂಠ ನಿಜವಾಗಿಯೂ ಚೆನ್ನಾಗಿತ್ತು. ಕೊಟ್ಟಿಗೆ ಹಂಚಿಕೊಟ್ಟ ಕುಲ ಯಾವುದೆಂದು ಅವನು ಹೇಳಲಿಲ್ಲ.

ಆಮೇಲೆ ಗ್ಲಿಗೋರ್ ಎದ್ದ. ಬೇರೆ ಸಭೆಯ ವಿಷಯ ಓದಿದ. ಕೇರಿಯವರು ಯಾಕೆ ಕೈ ಎತ್ತುವಂತಿಲ್ಲ ಎಂಬುದನ್ನೂ ವಿವರಿಸಿದ. ಅಟ್ಟದ ಮೇಲೆ ಹಲಗೆಗಳು ಕಿರುಗುಟ್ಟಿದವು. ತೆಯೊಫಿಲ್ ಪಾಸ್ಟರು ತಮ್ಮ ಉಗುರು ನೋಡಿಕೊಂಡರು.

"ಕೈ ಎತ್ತುವ ಮೊದಲು ಪ್ರಾರ್ಥನೆ ಮಾಡೋಣ," ಎಂದ ಗ್ಲಿಗೋರ್.

ಎಲ್ಲರೂ ಮಂಡಿಯೂರಿದರು. ಗ್ಲಿಗೋರ್ ಚಿಕ್ಕದಾಗಿ ಪ್ರಾರ್ಥಿಸಿದ. ನಿನ್ನ ಚಿತ್ತವೇ ಆಗಲಿ ಎಂದ, ಆಮೆನ್ ಎಂದ. ಏಳಬೇಕೆಂದು ಬೆಂಚಿಗೆ ಕೈ ಊರಿದ. ಅಷ್ಟರಲ್ಲಿ ಒಲೆಯ ಪಕ್ಕದಿಂದ ದನಿ ಬಂತು. ಜಾಂಫಿರಾ ಸೌದೆ ಹಾಕಲು ಕೆಳಗೆ ಬಂದವಳು ಅಲ್ಲೇ ಮಂಡಿಯೂರಿದ್ದಳು. ಒಲೆಗೆ ಸೌದೆ ಹಾಕುವವಳು ಕೆಳಗಿರುವುದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ.

"ಅಪ್ಪಾ ದೇವರೇ," ಎಂದಳು. "ನಾನು ಜಾಂಫಿರಾ. ನಿನ್ನ ನೆಲ ಒರೆಸೋಳು. ನನಗೆ ಕೈ ಎತ್ತೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಪ್ರಾರ್ಥನೆ ಯಾರು ಬೇಕಾದ್ರೂ ಮಾಡಬಹುದು ಅಂತ ಗ್ಲಿಗೋರಣ್ಣ ಅಪ್ಪಣೆ ಕೊಟ್ಟಿದಾರೆ. ಅವರಿಗೆ ಒಳ್ಳೇದು ಮಾಡು."

ಗ್ಲಿಗೋರ್ ಊರಿದ ಕೈ ತೆಗೆದ. ಮತ್ತೆ ಮಂಡಿಯ ಮೇಲೆ ಕೂತ.

"ಈ ಮನೆ ಕಟ್ಟಿದಾಗ ಇಟ್ಟಿಗೆ ತುಳಿದದ್ದು ನಮ್ಮ ಕೇರಿ, ಅಪ್ಪಾ. ನಿನಗೆ ಗೊತ್ತು. ಬಸುರಿ ಹೆಂಗಸರೂ ತುಳಿದ್ರು. ನಮ್ಮಜ್ಜಿ ಹೊಂಡದಲ್ಲೇ ಹೆತ್ತಳು. ಆ ಮಗು ಉಳೀಲಿಲ್ಲ. ಸಂಜೆ ಮತ್ತೆ ಹೊಂಡಕ್ಕೆ ಇಳಿದಳು, ಯಾಕಂದ್ರೆ ಮಳೆಗಾಲ ಬರೋಕೆ ಮುಂಚೆ ಗೋಡೆ ಏಳಬೇಕು ಅಂತ ಪಾಸ್ಟರು ಹೇಳಿದ್ರು. ಗೋಡೆ ಎದ್ದಿತು. ಈಗ ಆ ಗೋಡೆ ಮೇಲೆ ಫೋಟೋ ಇದಾವೆ. ಆ ಫೋಟೋದವರಿಗೆಲ್ಲ ಒಳ್ಳೇದು ಮಾಡು."

"ಆಮೆನ್," ಎಂದ ಗ್ಲಿಗೋರ್ ಗಟ್ಟಿಯಾಗಿ.

"ಅವಳ ಆಮೆನ್ ಅವಳೇ ಹೇಳ್ತಾಳೆ. ಸುಮ್ಮನಿರು ಗ್ಲಿಗೋರ್," ಎಂದಿತು ಹೆಂಗಸರ ಕಡೆಯ ಮೊದಲ ಬೆಂಚಿನಿಂದ ಒಂದು ದನಿ. ಅದು ವೆಟೂರಿಯಾ ಅಜ್ಜಿ. ಊರಿನವಳೇ. ಕೇರಿಯವರನ್ನು ಕಂಡರೆ ಅವಳಿಗೇನೂ ಪ್ರೀತಿಯಿರಲಿಲ್ಲ. ಕಟ್ಟಳೆಯ ಮೇಲೆ ಪ್ರೀತಿಯಿತ್ತು.

ಜಾಂಫಿರಾ ಮುಂದುವರಿಸಿದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೇರಿಯ ಒಬ್ಬೊಬ್ಬರ ಹೆಸರನ್ನೂ ಹಿಡಿದು ಪ್ರಾರ್ಥಿಸಿದಳು. ಹೊಳೆಯಲ್ಲಿ ಮುಳುಗಿ ಎದೆ ಕಟ್ಟಿ ಸತ್ತ ಅತ್ತೆಯ ಹೆಸರು. ಊರಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಿಂತು ವಾಪಸು ಬಂದವರ ಹೆಸರು. ಗ್ಲಿಗೋರನ ಗಾಣದಲ್ಲಿ ಬೆರಳು ಕಳೆದುಕೊಂಡವನ ಹೆಸರು. ಗಾಣಕ್ಕೂ ಒಳ್ಳೇದು ಮಾಡು ಎಂದಳು. ಇಲ್ಲಿಯವರೆಗೆ ತೊಟ್ಟಿಗೆ ತಾನು ಹೊತ್ತ ಬಿಸಿನೀರಿನಲ್ಲಿ ಮುಳುಗಿದ ಊರಿನ ಮಕ್ಕಳಿಗೆ ಸ್ಪೇನಿನಲ್ಲೂ ಇಟಲಿಯಲ್ಲೂ ಚಳಿಯಾಗದಿರಲಿ ಎಂದಳು. ಮಕ್ಕಳ ಹೆಸರು ಬಂದಾಗ ಕೆಳಗಿನ ಬೆಂಚಿನ ಒಂದಿಬ್ಬರು ತಾಯಂದಿರು ಮೂಗು ಸೀಟಿದರು.

ಸಿಮೆಂಟು ಚಳಿಗಾಲದ್ದು. ತಣ್ಣಗೆ ಮೂಳೆಗೆ ಇಳಿಯುವಂಥದ್ದು. ಗಂಡಸರು ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಭಾರ ಬದಲಾಯಿಸತೊಡಗಿದರು. ಯಾರೋ ನರಳಿದರು. ಜಾಂಫಿರಾಳಿಗೆ ಈ ನೆಲ ಪರಿಚಯದ್ದು. ಅವಳು ಅಲುಗಲಿಲ್ಲ.

ಗ್ಲಿಗೋರನ ಹಣೆ ಬೆವೆತಿತ್ತು. ಅವನು ಅಟ್ಟದ ಕಡೆ ಕೈ ಬೀಸಿ, "ಹಾಡು," ಎಂದು ಪಿಸುಗುಟ್ಟಿದ. ರೂಪಿ ತುತ್ತೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದ. ಬಹಳ ಭಕ್ತಿಯಿಂದ ಮುಚ್ಚಿದ್ದ. "ಹಾಡು," ಎಂದ ಗ್ಲಿಗೋರ್ ಮತ್ತೆ, ಈ ಸಲ ಎಲ್ಲರಿಗೂ ಕೇಳುವಂತೆ. ತಾನೇ ಒಂದು ಸಾಲು ಎತ್ತಿದ. ಅವನ ಕಂಠಕ್ಕೆ ಒಬ್ಬರೂ ಜೊತೆಗೂಡಲಿಲ್ಲ. ಸಾಲು ಅರ್ಧಕ್ಕೇ ಸತ್ತಿತು.

"ಹಾಡಿದ ಸಹೋದರನಿಗೂ ಒಳ್ಳೇದು ಮಾಡು," ಎಂದಳು ಜಾಂಫಿರಾ. "ಈಗ ನಮ್ಮಜ್ಜ ಯೋಷ್ಕಾನ ವಿಷಯ, ಅಪ್ಪಾ. ಈ ಮನೆಗೆ ಸರ್ಕಾರ ಬೀಗ ಹಾಕಿದಾಗ, ಪಾಸ್ಟರನ್ನ ಎಳ್ಕೊಂಡು ಹೋದಾಗ, ಊರಿನವರು ಸಭೆ ಎಲ್ಲಿ ಮಾಡೋದು ಅಂತ ನಡುಗ್ತಾ ಕೂತಿದ್ರು. ಇಟ್ಟಿಗೆ ಗೂಡಿಗೆ ಬನ್ನಿ, ಬೆಚ್ಚಗಿದೆ ಅಂತ ಅಜ್ಜ ಕರೆದ. ಬಂದ್ರು. ಅವತ್ತು ನಮ್ಮ ಗೂಡಲ್ಲಿ ಅಟ್ಟ ಇರಲಿಲ್ಲ. ಎಲ್ಲರೂ ನೆಲದ ಮೇಲೇ ಕೂತಿದ್ರು. ಬಟ್ಟಲೂ ಒಂದೇ ಇತ್ತು. ಮಣ್ಣಿಂದು. ಅಜ್ಜ ಪ್ರಸಂಗ ಮಾಡ್ತಿದ್ದ, ಹೆಣ ಹೂಳ್ತಿದ್ದ, ಮದುವೆ ಮಾಡಿಸ್ತಿದ್ದ. ಗ್ಲಿಗೋರಣ್ಣನ ಅಪ್ಪ ಅಮ್ಮಂಗೂ ಅವನೇ ಮದುವೆ ಮಾಡಿಸಿದ್ದು. ಆ ಮದುವೆ ಇವತ್ತಿಗೂ ಸಲ್ಲುತ್ತಾ ಅಂತ ಯಾರೂ ಕೇಳಿಲ್ಲ, ಅಪ್ಪಾ. ನಾನೂ ಕೇಳಲ್ಲ."

ಮಂಡಿಯೂರಿದವರ ನಡುವೆ ಯಾರೋ ಕೆಮ್ಮಿದರು. ಆ ಕೆಮ್ಮಿನಲ್ಲಿ ನಗು ಇತ್ತು.

"ಪೊಲೀಸರು ನುಗ್ಗಿದ ದಿನ ಪ್ರಾರ್ಥನೆ ಮಾಡ್ತಾ ಇದ್ದವನು ಅವನೇ. ಎಲ್ಲರೂ ಏಳಲಿಲ್ಲ, ಏಳಲಿಲ್ಲ ಅಂತ ವರ್ಷಾ ವರ್ಷಾ ಹೇಳ್ತಾರೆ. ಏಳೋದು ಹೇಗೆ? ಅಜ್ಜ ಆಮೆನ್ ಹೇಳಲಿಲ್ಲ. ಬಂದೂಕಿನ ಹಿಂಬದಿಯಿಂದ ಬಾಯಿಗೆ ಹೊಡೆದ್ರು. ಹಲ್ಲು ಉದುರ್ತಾ ಇದ್ರೂ ಪ್ರಾರ್ಥನೆ ನಿಲ್ಲಿಸ್ಲಿಲ್ಲ. ಕೊನೆಗೆ ಅವನೊಬ್ಬನನ್ನೇ ಎಳ್ಕೊಂಡು ಹೋದ್ರು. ಮಿಕ್ಕವರು ಅವತ್ತು ಮನೆಗೆ ಹೋಗಿ ಊಟ ಮಾಡಿದ್ರು. ಯುದ್ಧ ಮುಗೀತು. ಅಜ್ಜ ಬಂದ. ಹೊಸ ಪಾಸ್ಟರೂ ಬಂದ್ರು. ನಿನಗೆ ಗೌರವದ ಜಾಗ ಮಾಡಿಸಿದೀವಿ ಯೋಷ್ಕಾ, ಎತ್ತರದ ಜಾಗ, ನೀನೂ ನಿನ್ನವರೂ ಅಲ್ಲಿ ಕೂತ್ಕೊಳ್ಳಿ ಅಂದ್ರು. ಅಟ್ಟ ಕಟ್ಟಿದ್ದು ಹಾಗೆ. ಹಲ್ಲಿಲ್ಲದ ಬಾಯಲ್ಲಿ ಅಜ್ಜ ಸಾಯೋವರೆಗೂ ಅಲ್ಲಿಂದಲೇ ಹಾಡಿದ."

ಅಟ್ಟದ ಮೇಲೆ ಯಾರೋ ಬಿಕ್ಕಿದರು. ಜಾಂಫಿರಾ ಬಿಕ್ಕಲಿಲ್ಲ.

"ನಾನೂ ಆಮೆನ್ ಹೇಳಲ್ಲ, ಅಪ್ಪಾ. ನಮಗೆ ಬೇರೆ ಮನೆ ಬೇಡ. ಇದೇ ಮನೆ. ನೀನು ಎಷ್ಟು ಹೊತ್ತು ಕೇಳ್ತೀಯೋ ಅಷ್ಟು ಹೊತ್ತು ನಾನು ಇಲ್ಲೇ ಇರ್ತೀನಿ. ಸೌದೆ ಬೇಕಾದಷ್ಟಿದೆ. ನಾನೇ ಒಡೆದಿದ್ದು."

ಆಗ ನತನಾಯೆಲ್ ಎದ್ದ.

ಪೀಠದ ಪಕ್ಕದಲ್ಲಿ ಎದ್ದು ನಿಂತು ಸೂಟಿನ ಮಂಡಿ ಕೊಡವಿಕೊಂಡ. "ಇದು ಪ್ರಾರ್ಥನೆ ಅಲ್ಲ," ಎಂದ. "ಇದು ಭಾಷಣ. ನನಗೆ ಸಂಜೆ ಪಟ್ಟಣದಲ್ಲಿ ಕಾರ್ಯಕ್ರಮ ಇದೆ."

ಎಲ್ಲರೂ ಕಣ್ಣು ತೆರೆದು ನೋಡಿದರು. ಈ ಸಭೆಯಲ್ಲಿ ಪ್ರಾರ್ಥನೆಯ ನಡುವೆ ಎದ್ದ ಮೊದಲ ಮನುಷ್ಯ ಅವನು. ಬಂದೂಕಿಗೆ ಏಳದ ಸಭೆಯಲ್ಲಿ ಮಂಡಿನೋವಿಗೆ ಎದ್ದಿದ್ದ. ಅವನಿಗೆ ಅದರ ಅರಿವಿರಲಿಲ್ಲ. ಅವನು ಪಟ್ಟಣದವನು, ಅಲ್ಲಿ ಮಂಡಿಯೂರಲು ಮೆತ್ತೆ ಕೊಡುತ್ತಾರೆ. ಮಂಡಿಯೂರಿದವರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಕಾರು ಹೊರಟ ಸದ್ದು ಒಳಗೆಲ್ಲ ಕೇಳಿಸಿತು.

"ಎದ್ದ," ಎಂದಳು ವೆಟೂರಿಯಾ ಅಜ್ಜಿ, ಹೆಣ ಕಂಡವಳ ಹಾಗೆ. "ಪ್ರಾರ್ಥನೇಲಿ ಎದ್ದ."

"ಆ ಸಹೋದರನ ಮಂಡಿಗೂ ಒಳ್ಳೇದು ಮಾಡು," ಎಂದಳು ಜಾಂಫಿರಾ. ಒಲೆಗೆ ಒಂದು ಸೌದೆ ತುರುಕಿದಳು. ಆಮೇಲೆ, ತನಗೆ ಸರಿಯೆನಿಸಿದಾಗ, "ಆಮೆನ್," ಎಂದಳು.

ಗ್ಲಿಗೋರ್ ಎದ್ದು ನಿಲ್ಲಲು ಬೆಂಚು ಹಿಡಿಯಬೇಕಾಯಿತು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. "ಬೇರೆ ಸಭೆಯ ವಿಷಯ. ಒಪ್ಪುವವರು ಕೈ ಎತ್ತಿ," ಎಂದ.

ಕೆಳಗೆ ಕೈಗಳು ಎದ್ದವು. ಬೇಗ ಎದ್ದವು ಕೆಲವು, ನಿಧಾನಕ್ಕೆ ಎದ್ದವು ಕೆಲವು. ವೆಟೂರಿಯಾ ಅಜ್ಜಿ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಒಪ್ಪದವರು," ಎಂದ ಗ್ಲಿಗೋರ್, ರೂಢಿಯಿಂದ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಒಲೆಯ ಪಕ್ಕದಲ್ಲಿ ಜಾಂಫಿರಾ ಕೈ ಎತ್ತಿದಳು. ಮಸಿ ಹತ್ತಿದ ಕೈ. ಅಟ್ಟದ ಮೇಲೆ ರೂಪಿ ಎತ್ತಿದ. ಮೇಳದವರು ಎತ್ತಿದರು. ಮುದುಕರು, ಹೆಂಗಸರು, ಎಲ್ಲರೂ ಕಟಾಂಜನದ ಮೇಲಿಂದ ಬಗ್ಗಿ ಕೈ ಎತ್ತಿದರು. ಗ್ಲಿಗೋರ್ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಕಾಣುತ್ತಿತ್ತು, ಕಂಡರೆ ಎಣಿಸಬೇಕಾಗುತ್ತಿತ್ತು.

"ಮೇಲೆ ನೋಡಿ ಗ್ಲಿಗೋರಣ್ಣ," ಎಂದಳು ಜಾಂಫಿರಾ.

ಅವನು ಮೇಲೆ ನೋಡಲಿಲ್ಲ. ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ನೆಲ ನೋಡುತ್ತಾ ಹೊರಗೆ ನಡೆದ. ಊರಿನವರು ಒಬ್ಬೊಬ್ಬರಾಗಿ, ಕುಂಟುತ್ತಾ ಅವನ ಹಿಂದೆ ಹೋದರು. ಹೊರಡುವಾಗ ಯಾರೂ 'ಸಮಾಧಾನ' ಎನ್ನಲಿಲ್ಲ. ತೆಯೊಫಿಲ್ ಪಾಸ್ಟರು ಮಾತ್ರ ಇನ್ನೂ ಮಂಡಿಯ ಮೇಲಿದ್ದರು. ಭಕ್ತಿಯಿಂದಲ್ಲ, ಏಳಲಾಗಿರಲಿಲ್ಲ. ಜಾಂಫಿರಾ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ ಬೆಂಚಿನ ಮೇಲೆ ಕೂರಿಸಿದಳು.

"ನಿಮ್ಮಜ್ಜನ ವಿಷಯ ನನಗೆ ಎಲ್ಲಾ ಗೊತ್ತಿತ್ತು ಜಾಂಫಿರಾ," ಎಂದರು ಅವರು.

"ಗೊತ್ತಿಲ್ಲದೇ ಇದ್ದಿದ್ರೆ ನಿಮ್ಮ ಮೇಲೆ ನನಗೆ ಸಿಟ್ಟೇ ಇರ್ತಿರಲಿಲ್ಲ, ಪಾಸ್ಟರಯ್ಯ," ಎಂದಳು.

ಮುಂದಿನ ಭಾನುವಾರ ಊರಿನವರು ಪ್ರಾರ್ಥನಾ ಮನೆಗೆ ಬರಲಿಲ್ಲ. ಪಂಚಾಯಿತಿಯ ಸಮುದಾಯ ಭವನದಲ್ಲಿ ಸೇರಿದರು. ಅದು ಮದುವೆಗಳಲ್ಲಿ ಕುಡಿದು ಕುಣಿಯುವ ಜಾಗ. ಛಾವಣಿಯಿಂದ ಕನ್ನಡಿ ಚೂರುಗಳ ಗುಂಡೊಂದು ತೂಗುತ್ತದೆ. ಆ ಜಾಗಕ್ಕೆ ಕಾಲಿಟ್ಟವನು ನರಕಕ್ಕೆ ಹೋಗುತ್ತಾನೆಂದು ಫೋಟೋದಲ್ಲಿರುವ ಪಾಸ್ಟರುಗಳೆಲ್ಲ ಪ್ರಸಂಗ ಮಾಡಿದ್ದರು. ಕೇರಿಯವರ ಜೊತೆ ಒಂದೇ ಬೆಂಚಿನಲ್ಲಿ ಕೂರುವುದಕ್ಕಿಂತ ನರಕ ವಾಸಿ ಎಂದು ಊರಿನವರು ಕೈ ಎತ್ತದೆಯೇ ತೀರ್ಮಾನಿಸಿದ್ದರು.

ಜಾಂಫಿರಾ ಎಂದಿನಂತೆ ಬೇಗ ಬಂದು ಒಲೆ ಹಚ್ಚಿದಳು. ಬೆಂಚುಗಳನ್ನು ಒರೆಸಿದಳು. ವೆಟೂರಿಯಾ ಅಜ್ಜಿ ಒಬ್ಬಳೇ ಬಂದು ತನ್ನ ಜಾಗದಲ್ಲಿ ಕೂತಳು. ಆ ಕನ್ನಡಿ ಗುಂಡಿನ ಕೆಳಗೆ ತಾನು ಮಂಡಿಯೂರುವುದಿಲ್ಲ ಎಂದಳು, ಅಷ್ಟೆ.

ಆಮೇಲೆ ಕೇರಿಯವರು ಬಂದರು. ಒಳ್ಳೆಯ ಬಟ್ಟೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ತುತ್ತೂರಿಗಳನ್ನು ಉಜ್ಜಿ ಹೊಳೆಸಿಕೊಂಡು ಬಂದರು. ಬಾಗಿಲು ದಾಟಿದರು. ಖಾಲಿ ಬೆಂಚುಗಳ ಸಾಲನ್ನು ನೋಡಿದರು. ಎಡಕ್ಕೆ ತಿರುಗಿ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಹತ್ತತೊಡಗಿದರು.

ಜಾಂಫಿರಾ ಒರೆಸುವ ಬಟ್ಟೆ ಹಿಡಿದು ನಿಂತು ನೋಡಿದಳು.

"ಎಲ್ಲಿಗೆ ಹತ್ತುತ್ತಾ ಇದೀರ?"

ಮೆಟ್ಟಿಲುಗಳ ಮೇಲೆ ಹೆಜ್ಜೆಗಳು ನಿಂತವು. ರೂಪಿ ಕಟಾಂಜನದಿಂದ ಬಗ್ಗಿದ. ಅವನ ಮುಖ ಸಪ್ಪಗಿತ್ತು. "ಅಭ್ಯಾಸ, ಅಕ್ಕ," ಎಂದ.

"ಇಳೀರಿ."

"ಅವರು ವಾಪಸ್ ಬಂದ್ರೆ?" ಎಂದಳು ಮೆಟ್ಟಿಲ ಮೇಲಿದ್ದ ಮುದುಕಿಯೊಬ್ಬಳು, ಪಿಸುದನಿಯಲ್ಲಿ.

"ಬಂದ್ರೆ ಜರುಗಿ ಕೂತ್ಕೋತೀವಿ. ಏಳಲ್ಲ."

ಯಾರೂ ಇಳಿಯಲಿಲ್ಲ. ಜಾಂಫಿರಾ ಬಟ್ಟೆಯನ್ನು ಒಲೆಯ ಪಕ್ಕಕ್ಕೆ ಎಸೆದಳು. ಮೊದಲ ಬೆಂಚಿಗೆ ಹೋಗಿ ಕೂತಳು. ಎಷ್ಟೋ ವರ್ಷ ಒರೆಸಿದ ಬೆಂಚು. ಕೂತದ್ದು ಅದೇ ಮೊದಲು. ಲಂಗವನ್ನು ಬಿಗಿಯಾಗಿ ಹಿಡಿದುಕೊಂಡಳು. ವೆಟೂರಿಯಾ ಅಜ್ಜಿ ಅವಳ ಕಡೆ ನೋಡಲಿಲ್ಲ, ಎದ್ದು ಬೇರೆ ಕಡೆಗೂ ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಹಿಂದುಗಡೆ ಮೆಟ್ಟಿಲು ಕಿರುಗುಟ್ಟಿತು.

"ಪಾಸ್ಟರೇ ಇಲ್ವಲ್ಲ," ಎಂದಿತು ಮುದುಕಿಯ ದನಿ, ಈಗ ಸ್ವಲ್ಪ ಹತ್ತಿರದಿಂದ. "ಪ್ರಸಂಗ ಯಾರು ಮಾಡ್ತಾರೆ?"

"ನಾವೇ ಯಾರನ್ನಾದ್ರೂ ಆರಿಸೋಣ," ಎಂದಳು ಜಾಂಫಿರಾ, ಹಿಂದೆ ತಿರುಗದೆ. "ನೀನು ಬಂದು ಕೂತ್ಕೋ."